ಹತ್ತು ಕ್ವಿಂಟಲ್ ಜೋಳ ಒಣಗಿದರೆ ಎಷ್ಟಾಗುತ್ತದೆ?



ಸುಗ್ಗಿಯ ದಿನಗಳಲ್ಲಿ ಸವಳಂಗದಿಂದ ಯಾವ ಕಡೆ ಬಸ್ ಹತ್ತಿದರೂ ರಸ್ತೆ ಬದಿಯಲ್ಲಿ ಮೆಕ್ಕೆಜೋಳ ಹರಡಿರುವುದು ಕಾಣುತ್ತದೆ. ಆ ರಾಶಿಯಲ್ಲಿ ಒಂದು ಒಳ್ಳೆಯ ಲೆಕ್ಕವಿದೆ. ನಮ್ಮ ಬೇಸಿಕ್ ಮ್ಯಾಥ್ಸ್‌ನಲ್ಲಿ ಬರುವ ಶೇಕಡಾ ಲೆಕ್ಕಗಳಿಗಿಂತ ಇದು ಹೆಚ್ಚು ಉಪಯೋಗದ್ದು ಎಂದು ನನ್ನ ಅಭಿಪ್ರಾಯ.

ಒಬ್ಬ ರೈತರ ಹತ್ತಿರ 1,000 ಕೆ.ಜಿ. ಹಸಿ ಜೋಳ ಇದೆ. ಮೀಟರ್ ಹಾಕಿದರೆ ತೇವಾಂಶ ಶೇ. 20. ಬೆಂಬಲ ಬೆಲೆಯ ಖರೀದಿಗೆ ಶೇ. 14 ಮೀರುವಂತಿಲ್ಲ. ಒಣಗಿಸಿದರೆ ಎಷ್ಟು ತೂಕ ಇಳಿಯುತ್ತದೆ?

ಇಪ್ಪತ್ತರಲ್ಲಿ ಹದಿನಾಲ್ಕು ಕಳೆದರೆ ಆರು, ಅಂದರೆ 60 ಕೆ.ಜಿ. ಎಂದು ಎಷ್ಟೋ ಜನ ಹೇಳುತ್ತಾರೆ. ತೂಕಕ್ಕೆ ಇಟ್ಟಾಗ ಅದಕ್ಕಿಂತ ಹತ್ತು ಕೆ.ಜಿ. ಕಡಿಮೆ ಬರುತ್ತದೆ. ಆಗ ತಕ್ಕಡಿಯ ಮೇಲೆ, ಹಮಾಲರ ಮೇಲೆ, ರಾತ್ರಿ ಕಾವಲಿದ್ದವರ ಮೇಲೆ ಅನುಮಾನ ಶುರು. ಯಾರೂ ಕದ್ದಿರುವುದಿಲ್ಲ.

ಹೆಜ್ಜೆ ಹೆಜ್ಜೆಯಾಗಿ ನೋಡೋಣ. 1,000 ಕೆ.ಜಿ.ಯಲ್ಲಿ ನೀರು 200, ಬರೀ ಕಾಳು 800. ಹೋಗುವ ನೀರು x ಎಂದಿಟ್ಟುಕೊಳ್ಳಿ. ಉಳಿಯುವ ನೀರು 200 – x. ಒಟ್ಟು ತೂಕವೂ 1,000 – x ಆಗಿರುತ್ತದೆ, ಶೇ. 14 ಎನ್ನುವುದು ಈ ಹೊಸ ತೂಕದ ಮೇಲೆ, ಹಳೆಯ ಸಾವಿರದ ಮೇಲಲ್ಲ. ಎಲ್ಲರೂ ಎಡವುವುದು ಇಲ್ಲೇ.

200 – x = 0.14 (1,000 – x)
200 – x = 140 – 0.14x

ಎರಡೂ ಕಡೆ ಕಳೆಯುವ ಚಿಹ್ನೆ ಇದೆ. ಕಳೆದದ್ದನ್ನು ಎದುರು ಕಡೆ ಕೂಡಿಸಿ ತುಂಬಿಕೊಡಬೇಕು:

200 + 0.14x = 140 + x

ಈ ತುಂಬಿಕೊಡುವುದಕ್ಕೇ ಅರಬ್ಬಿಯಲ್ಲಿ 'ಅಲ್-ಜಬ್ರ್' ಎಂದು ಹೆಸರು. ಸುಮಾರು ಕ್ರಿ.ಶ. 820ರಲ್ಲಿ ಬಾಗ್ದಾದಿನ ಅಲ್-ಖ್ವಾರಿಜ್ಮಿ ಬರೆದ ಪುಸ್ತಕದಿಂದ 'ಆಲ್ಜೀಬ್ರಾ' ಪದ ಬಂತು. ಆಸ್ತಿ ಪಾಲು, ವ್ಯಾಪಾರ, ಜಮೀನು ಅಳತೆಯ ಲೆಕ್ಕಗಳು ಅದರಲ್ಲಿವೆ. (ಕನ್ನಡದಲ್ಲೂ 12ನೇ ಶತಮಾನದಲ್ಲೇ ರಾಜಾದಿತ್ಯ 'ವ್ಯವಹಾರಗಣಿತ' ಬರೆದಿದ್ದಾನೆ.) ಮನೆಯ ಉರ್ದುವಿನಲ್ಲಿ ನಮಗೆ ಜಬ್ರ್ ಎಂದರೆ ಬಲವಂತ, ಮುಖಾಬಲಾ ಎಂದರೆ ಪೈಪೋಟಿ. ಗಣಿತದ 'ಮುಖಾಬಲಾ' ಬೇರೆ: ಒಂದೇ ಜಾತಿಯವನ್ನು ಎದುರುಬದುರು ಇಟ್ಟು ಹೆಚ್ಚಿನದನ್ನು ಮಾತ್ರ ಉಳಿಸುವುದು.

60 = 0.86x
x = 69.77 ಕೆ.ಜಿ.

ತಾಳೆ ನೋಡಿ: ಉಳಿದದ್ದು 930.23 ಕೆ.ಜಿ. ಅದರ ಶೇ. 14 ಎಂದರೆ 130.23. ಕಾಳು 800 ಸೇರಿಸಿದರೆ ಸರಿಹೋಗುತ್ತದೆ.

ಇನ್ನು ದುಡ್ಡಿನ ಮಾತು. ಒಣ ಜೋಳಕ್ಕೆ ಕ್ವಿಂಟಲ್‌ಗೆ 2,000 ರೂ., ಒಣಗಿಸುವ ಕೂಲಿ ಒಟ್ಟು 600 ರೂ. ಎಂದುಕೊಳ್ಳೋಣ. 9.3 × 2,000 – 600 = 18,000. ಅಂದರೆ ಹಸಿಯಾಗಿಯೇ ಕ್ವಿಂಟಲ್‌ಗೆ 1,800ಕ್ಕಿಂತ ಹೆಚ್ಚು ಸಿಕ್ಕರೆ ಮಾರುವುದು ಲಾಭ. 60 ಕೆ.ಜಿ. ಎಂದುಕೊಂಡವರಿಗೆ ಇದೇ ಲೆಕ್ಕ 1,820 ಬರುತ್ತದೆ. ವ್ಯಾಪಾರಿ 1,810ಕ್ಕೆ ಕೇಳಿದರೆ ಅವರು ಬೇಡ ಎಂದು ವಾಪಸ್ ಕಳಿಸಿ, ಬಿಸಿಲಲ್ಲಿ ದುಡಿದು, ನೂರು ರೂಪಾಯಿ ಕಳೆದುಕೊಳ್ಳುತ್ತಾರೆ. ನೂರೇ ತಾನೇ ಎನ್ನಬೇಡಿ, ಎಂಬತ್ತು ಕ್ವಿಂಟಲ್ ಬೆಳೆದ ಮನೆಗೆ ಅದು 800. ಮಧ್ಯೆ ಮಳೆ ಬಂದರೆ ಕೇಳಲೇಬೇಡಿ.

ಮೊಬೈಲ್ ಕ್ಯಾಲ್ಕುಲೇಟರ್‌ನಲ್ಲಿ ಸುಲಭ ದಾರಿಯೂ ಇದೆ. ನೀರು ಬಿಟ್ಟು ಉಳಿದ ತೂಕವನ್ನು 0.86ರಿಂದ ಭಾಗಿಸಿ. ಸಾವಿರ ಕೆ.ಜಿ.ಗೆ ತೇವಾಂಶ ಶೇ. 25 ಇದ್ದರೆ 750 ÷ 0.86 = 872. ಹೋಗುವ ನೀರು 128 ಕೆ.ಜಿ., 110 ಅಲ್ಲ.