ಪರರ ಮಗು, ನಮ್ಮ ಮನೆ, ಒಂದು ಸಣ್ಣ ಗಾಯ

ಬೆಂಗಳೂರಿನಂಥ ಊರಿನಲ್ಲಿ ಬೆಳಿಗ್ಗೆ ಎಂಟರೊಳಗೆ ಗಾರ್ಮೆಂಟ್ಸ್ ಕಾರ್ಖಾನೆಗೆ, ಆಸ್ಪತ್ರೆಗೆ, ಮನೆಗೆಲಸಕ್ಕೆ ಹೊರಡುವ ತಾಯಂದಿರು ತಮ್ಮ ಕೂಸುಗಳನ್ನು ಎಲ್ಲಿ ಬಿಡುತ್ತಾರೆ? ಐವತ್ತು ಅಥವಾ ಅದಕ್ಕಿಂತ ಹೆಚ್ಚು ನೌಕರರಿರುವ ಸಂಸ್ಥೆಗಳು ಶಿಶುಪಾಲನೆಯ ಸೌಕರ್ಯ ಒದಗಿಸಬೇಕೆಂದು 2017ರಲ್ಲಿ ಕಾನೂನು ಬಂತು. ಹಳ್ಳಿಗಳಲ್ಲಿ ಉದ್ಯೋಗ ಖಾತರಿ ಕೆಲಸಕ್ಕೆ ಹೋಗುವ ಹೆಂಗಸರ ಮಕ್ಕಳಿಗಾಗಿ ರಾಜ್ಯ ಸರ್ಕಾರ 2023ರಲ್ಲಿ 'ಕೂಸಿನ ಮನೆ' ಯೋಜನೆಯನ್ನು ಪ್ರಕಟಿಸಿತು. ಆದರೆ ಮನೆಗೆಲಸದವಳಿಗೆ, ಅಂಗಡಿಯಲ್ಲಿ ನಿಲ್ಲುವವಳಿಗೆ, ಬಾಡಿಗೆ ಮನೆಯ ಸಣ್ಣ ಸಂಸಾರಕ್ಕೆ ಇವತ್ತಿಗೂ ಆಸರೆಯಾಗಿರುವುದು ಪಕ್ಕದ ಬೀದಿಯ ಒಬ್ಬ ಅಕ್ಕ, ಒಬ್ಬ ಆಂಟಿ, ಒಬ್ಬ ಅಜ್ಜಿ. ತಿಂಗಳಿಗಿಷ್ಟು ಎಂದು ಹಣ ಪಡೆದು ಮೂರು ನಾಲ್ಕು ಮಕ್ಕಳನ್ನು ತಮ್ಮ ಮನೆಯಲ್ಲೇ ನೋಡಿಕೊಳ್ಳುವ ಇಂಥ ತಾಯಂದಿರು ನಮ್ಮ ಧರ್ಮಕೇಂದ್ರಗಳಲ್ಲಿ ಎಷ್ಟೋ ಮಂದಿ ಇದ್ದಾರೆ. ಈ ಲೇಖನ ಮುಖ್ಯವಾಗಿ ಅವರಿಗಾಗಿ. ಮಗುವನ್ನು ಅವರ ಕೈಗೊಪ್ಪಿಸುವ ತಂದೆತಾಯಿಯರೂ ಓದಲಿ.

ಮಕ್ಕಳೆಂದ ಮೇಲೆ ಬೀಳುತ್ತವೆ. ನಮ್ಮದೇ ಮಗು ಬಿದ್ದರೆ ಎತ್ತಿಕೊಂಡು, ಊದಿ, ಸಮಾಧಾನ ಹೇಳಿ ಮರೆಯುತ್ತೇವೆ. ಪರರ ಮಗು ಬಿದ್ದರೆ ಎದೆ ಧಸಕ್ಕೆನ್ನುತ್ತದೆ. 'ಸಂಜೆ ಅದರ ತಾಯಿ ಬಂದು ಏನೆಂದಾಳೋ, ನಾಳೆಯಿಂದ ಕಳಿಸದೆ ಹೋದರೆ?' ಎಂಬ ಯೋಚನೆ ಗಾಯವನ್ನು ನೋಡುವುದಕ್ಕೆ ಮೊದಲೇ ಬಂದುಬಿಡುತ್ತದೆ. ಹೀಗೆ ಹೆದರಿದವರು ಎರಡು ಬಗೆಯಲ್ಲಿ ತಪ್ಪುತ್ತಾರೆ. ಒಬ್ಬರು ಕೈಗೆ ಸಿಕ್ಕಿದ್ದನ್ನೆಲ್ಲ ಹಚ್ಚುತ್ತಾರೆ, ಇನ್ನೊಬ್ಬರು ಮುಚ್ಚಿಡುತ್ತಾರೆ. ಮೊದಲನೆಯದನ್ನು ತಿದ್ದುವುದು ಸುಲಭ.

ತರಚಿದ ಗಾಯಕ್ಕೆ ಬೇಕಾದದ್ದು ನೀರು. ಮೊದಲು ನಿಮ್ಮ ಕೈ ಸೋಪಿನಿಂದ ತೊಳೆದುಕೊಳ್ಳಿ. ಬಳಿಕ ಗಾಯವನ್ನು ನಲ್ಲಿಯ ಹರಿಯುವ ನೀರಿನ ಕೆಳಗೆ ಹಿಡಿದು ಮಣ್ಣು, ಮರಳು ಹೋಗುವ ತನಕ ತೊಳೆದು, ಒರೆಸಿ, ಶುಭ್ರವಾದ ಬಟ್ಟೆಯನ್ನೋ ಪಟ್ಟಿಯನ್ನೋ ಹಾಕಿ. ರಕ್ತ ಬರುತ್ತಿದ್ದರೆ ಒಗೆದ ಬಟ್ಟೆಯನ್ನು ಗಾಯದ ಮೇಲಿಟ್ಟು ಹತ್ತು ನಿಮಿಷ ಒತ್ತಿ ಹಿಡಿಯಿರಿ. ನಿಂತಿತೇ ಎಂದು ನಿಮಿಷಕ್ಕೊಮ್ಮೆ ತೆಗೆದು ನೋಡಬೇಡಿ. ಅಷ್ಟಾದರೂ ನಿಲ್ಲದಿದ್ದರೆ, ಗಾಯದ ಬಾಯಿ ತೆರೆದಿದ್ದರೆ, ಮುಖದ ಮೇಲಿದ್ದರೆ ಹೊಲಿಗೆ ಬೇಕಾಗಬಹುದು, ವೈದ್ಯರಲ್ಲಿಗೆ ಹೋಗಿ. ಕಾಫಿಪುಡಿ, ಸುಣ್ಣ, ಅಡುಗೆಮನೆಯ ಅರಿಶಿನ ಇವುಗಳನ್ನು ತುಂಬುವ ಪದ್ಧತಿ ನಮ್ಮಲ್ಲಿ ಹಿಂದಿನಿಂದ ಬಂದದ್ದು. ಹಿರಿಯರ ಮೇಲಿನ ಗೌರವ ಬೇರೆ, ಗಾಯಕ್ಕೆ ಪುಡಿ ತುಂಬುವುದು ಬೇರೆ. ಡಬ್ಬಿಯಲ್ಲಿದ್ದ ಪುಡಿ ಶುದ್ಧವಲ್ಲ. ವೈದ್ಯರು ಹೊಲಿಗೆ ಹಾಕುವ ಮೊದಲು ಅದನ್ನೆಲ್ಲ ಕೆರೆದು ತೆಗೆಯಬೇಕಾಗುತ್ತದೆ, ಆಗ ಮಗು ಇನ್ನೊಮ್ಮೆ ಅಳುತ್ತದೆ.

ಸುಟ್ಟಗಾಯಕ್ಕೂ ನೀರೇ ಮದ್ದು. ಬಿಸಿ ಸಾರು, ಇಸ್ತ್ರಿಪೆಟ್ಟಿಗೆ, ಊದುಬತ್ತಿ ಯಾವುದೇ ಆಗಲಿ, ತಕ್ಷಣ ಸುಟ್ಟ ಭಾಗವನ್ನು ಇಪ್ಪತ್ತು ನಿಮಿಷ ತಣ್ಣೀರಿನ ಕೆಳಗೆ ಹಿಡಿಯಬೇಕು. ಇಪ್ಪತ್ತು ನಿಮಿಷ ದೀರ್ಘವೆನಿಸುತ್ತದೆ, ಗಡಿಯಾರ ನೋಡಿಕೊಂಡೇ ಹಿಡಿಯಿರಿ. ಮಂಜುಗಡ್ಡೆ ಬೇಡ. ಟೂತ್‌ಪೇಸ್ಟು, ತುಪ್ಪ, ಶಾಯಿ ಬೇಡ. ಬೊಬ್ಬೆ ಎದ್ದರೆ ಒಡೆಯಬೇಡಿ. ಮಗುವಿನ ಅಂಗೈಗಿಂತ ದೊಡ್ಡದಾಗಿ ಸುಟ್ಟಿದ್ದರೆ, ಮುಖ, ಕೈ, ಪಾದ, ಗುಪ್ತಾಂಗ ಸುಟ್ಟಿದ್ದರೆ ಅದು ಸಣ್ಣ ಗಾಯವಲ್ಲ. ನಾಯಿ ಕಚ್ಚಿದ್ದು, ಬೆಕ್ಕು ಪರಚಿದ್ದು ಕೂಡ ಸಣ್ಣದಲ್ಲ. ಸೋಪು ಹಚ್ಚಿ ಹದಿನೈದು ನಿಮಿಷ ತೊಳೆದು ಅದೇ ದಿನ ಆಸ್ಪತ್ರೆಗೆ ಹೋಗಿ ಲಸಿಕೆ ಹಾಕಿಸಬೇಕು. ರೇಬಿಸ್ ರೋಗದ ಲಕ್ಷಣ ಒಮ್ಮೆ ಕಾಣಿಸಿಕೊಂಡರೆ ಉಳಿಸುವುದು ಬಹುತೇಕ ಅಸಾಧ್ಯ. ಆದ್ದರಿಂದ 'ಮನೆ ನಾಯಿ, ಬರೀ ಹಲ್ಲು ತಾಗಿದ್ದು' ಎಂದು ಸುಮ್ಮನಿರುವ ಹಕ್ಕು ಮಗುವನ್ನು ನೋಡಿಕೊಳ್ಳುವವರಿಗಿಲ್ಲ.

ಮೂಗಿನಿಂದ ರಕ್ತ ಬಂದರೆ ತಲೆ ಹಿಂದಕ್ಕೆ ಬಾಗಿಸಿ ಮಲಗಿಸುವುದು ನಮ್ಮ ವಾಡಿಕೆ. ಅದು ತಪ್ಪು. ರಕ್ತ ಗಂಟಲಿಗಿಳಿದು ಮಗು ವಾಂತಿ ಮಾಡಿಕೊಳ್ಳುತ್ತದೆ. ಕೂರಿಸಿ, ಸ್ವಲ್ಪ ಮುಂದಕ್ಕೆ ಬಾಗಿಸಿ, ಮೂಗಿನ ಮೆದುಭಾಗವನ್ನು ಹತ್ತು ನಿಮಿಷ ಹಿಡಿದಿರಿ, ಬಾಯಲ್ಲಿ ಉಸಿರಾಡಲಿ.

ಇನ್ನೊಂದು ಪೆಟ್ಟಿನ ವಿಷಯ ಹೇಳಲೇಬೇಕು, ಏಕೆಂದರೆ ಅದು ಬೀಳದೆಯೇ ಆಗುತ್ತದೆ. ರಸ್ತೆ ದಾಟುವಾಗ, ಮೆಟ್ಟಿಲು ಹತ್ತಿಸುವಾಗ ಒಂದು ಕೈ ಹಿಡಿದು ಎಳೆದೆತ್ತುತ್ತೇವಲ್ಲ, ಆಗ ನಾಲ್ಕೈದು ವರ್ಷದೊಳಗಿನ ಮಕ್ಕಳ ಮೊಣಕೈಯ ಎಲುಬು ತನ್ನ ಜಾಗದಿಂದ ತುಸು ಜಾರಬಹುದು. ಊತವಿರುವುದಿಲ್ಲ, ಗುರುತಿರುವುದಿಲ್ಲ, ಮಗು ಆ ಕೈಯನ್ನು ಜೋತುಬಿಟ್ಟು ಉಪಯೋಗಿಸದೆ ಕೂರುತ್ತದೆ. ಇಂಗ್ಲಿಷಿನಲ್ಲಿ ಇದಕ್ಕೆ 'ನರ್ಸ್‌ಮೇಡ್ಸ್ ಎಲ್ಬೋ' ಎಂದೇ ಹೆಸರು, ಅಂದರೆ ಆಯಾಳ ಮೊಣಕೈ. ದೂಷಣೆ ಆಯಾಳ ಮೇಲೆ ಬಿದ್ದಿದೆ, ತಂದೆಯರು ಎಳೆದರೂ ಜಾರುತ್ತದೆ ಎನ್ನುವುದು ಬೇರೆ ಮಾತು. ಎಣ್ಣೆ ಹಾಕಿ ತಿಕ್ಕಬೇಡಿ, ಕಟ್ಟು ಕಟ್ಟಿಸಲು ಓಡಬೇಡಿ. ಗೊತ್ತಿರುವ ವೈದ್ಯರು ಕ್ಷಣದಲ್ಲಿ ಸರಿಪಡಿಸುತ್ತಾರೆ. ಮಕ್ಕಳನ್ನು ಎತ್ತುವಾಗ ಕಂಕುಳಿಗೆ ಎರಡೂ ಕೈ ಕೊಟ್ಟು ಎತ್ತುವ ಅಭ್ಯಾಸವಿದ್ದರೆ ಇದನ್ನು ಬಹುಮಟ್ಟಿಗೆ ತಪ್ಪಿಸಬಹುದು.

ಈಗ ತಲೆಯ ಪೆಟ್ಟಿಗೆ ಬರೋಣ. ಮಂಚದಿಂದ, ಜಗಲಿಯಿಂದ ಬಿದ್ದು ಹಣೆಯ ಮೇಲೆ ಬುಗುಟು ಬರುತ್ತದೆ. ಹೆಚ್ಚಿನವು ತಾವಾಗಿ ಇಳಿಯುತ್ತವೆ. ತಣ್ಣೀರಲ್ಲಿ ಅದ್ದಿದ ಬಟ್ಟೆಯನ್ನೋ ಬಟ್ಟೆಯಲ್ಲಿ ಸುತ್ತಿದ ಮಂಜುಗಡ್ಡೆಯನ್ನೋ ಹತ್ತು ಹದಿನೈದು ನಿಮಿಷ ಇಟ್ಟರೆ ಸಾಕು. ಬುಗುಟನ್ನು ಒತ್ತಿ ತಿಕ್ಕುವುದು ಬೇಡ. ಹಣೆಗೆ ಶಿಲುಬೆಯ ಗುರುತು ಹಾಕಿ, ಬೇಡವೆನ್ನುವುದಿಲ್ಲ. ಹಾಕುವಾಗಲೇ ಮಗುವಿನ ಕಣ್ಣುಗಳನ್ನೂ ನೋಡಿ. ಎರಡು ಕಣ್ಣಿನ ಪಾಪೆಗಳೂ ಒಂದೇ ಗಾತ್ರದಲ್ಲಿವೆಯೇ? ಬಿದ್ದ ಕೂಡಲೇ ಅತ್ತಿತೇ, ಅಥವಾ ಕೆಲಕಾಲ ಎಚ್ಚರ ತಪ್ಪಿತ್ತೇ? ಮತ್ತೆ ಮತ್ತೆ ವಾಂತಿಯಾಗುತ್ತಿದೆಯೇ? ನಡೆಯುವಾಗ ವಾಲುತ್ತಿದೆಯೇ? ಕಿವಿಯಿಂದ, ಮೂಗಿನಿಂದ ರಕ್ತವೋ ತಿಳಿನೀರೋ ಸೋರುತ್ತಿದೆಯೇ? ಫಿಟ್ಸ್ ಬಂತೇ? ಇವುಗಳಲ್ಲಿ ಒಂದಿದ್ದರೂ ತಾಯಿಯ ಬರವಿಗೆ ಕಾಯದೆ 108ಕ್ಕೆ ಕರೆ ಮಾಡಿ. ಒಂದು ವರ್ಷದೊಳಗಿನ ಕೂಸಿನ ತಲೆಗೆ ಪೆಟ್ಟು ಬಿದ್ದರೆ ಲಕ್ಷಣವಿಲ್ಲದಿದ್ದರೂ ವೈದ್ಯರಿಗೆ ತೋರಿಸಿ. ಪೆಟ್ಟು ಬಿದ್ದ ಮಗುವನ್ನು ಮಲಗಲು ಬಿಡಬಾರದೆಂದು ಕೆಲವರು ಗಂಟೆಗಟ್ಟಲೆ ಕಾಡಿಸುತ್ತಾರೆ. ಲವಲವಿಕೆಯಿಂದಿದ್ದ ಮಗು ತನ್ನ ಎಂದಿನ ಹೊತ್ತಿಗೆ ಮಲಗಿದರೆ ಮಲಗಲಿ. ನಡುನಡುವೆ ಎಬ್ಬಿಸಿ, ಎಂದಿನಂತೆ ಎಚ್ಚೆತ್ತು ನಿಮ್ಮನ್ನು ಗುರುತಿಸುತ್ತದೆಯೇ ಎಂದು ನೋಡಿ. ಎಬ್ಬಿಸಲಾಗದಷ್ಟು ಮಂಪರು ಅಪಾಯದ ಚಿಹ್ನೆ.

ಈ ಲಕ್ಷಣಗಳು ಬಿದ್ದ ಕೂಡಲೇ ಬರಬೇಕೆಂದಿಲ್ಲ. ಒಂದೆರಡು ದಿನ ಮಗುವಿನ ಮೇಲೆ ಕಣ್ಣಿಟ್ಟಿರಬೇಕು. ಮಗು ಹನ್ನೊಂದು ಗಂಟೆಗೆ ನಿಮ್ಮ ಮನೆಯಲ್ಲಿ ಬಿದ್ದಿತೆನ್ನಿ. ಬುಗುಟು ಕೂದಲಿನ ಒಳಗಿದೆ, ಕಾಣಿಸುವುದಿಲ್ಲ. ಸಂಜೆ ತಾಯಿ ಬಂದಾಗ ಮಗು ನಗುತ್ತಿತ್ತು, ನೀವು ಏನೂ ಹೇಳಲಿಲ್ಲ. ರಾತ್ರಿ ಒಂದು ಗಂಟೆಗೆ ಅದು ಎರಡು ಬಾರಿ ವಾಂತಿ ಮಾಡಿತು. ತಾಯಿ ಏನೆಂದುಕೊಳ್ಳುತ್ತಾಳೆ? ತಿಂದದ್ದು ಜೀರ್ಣವಾಗಿಲ್ಲ, ದೃಷ್ಟಿ ತಾಕಿದೆ ಎಂದುಕೊಂಡು ನಿವಾಳಿಸಿ ಮಲಗಿಸುತ್ತಾಳೆ. ಬಿದ್ದ ಸಂಗತಿ ತಿಳಿದಿದ್ದರೆ ಅದೇ ತಾಯಿ ಅದೇ ಗಳಿಗೆಯಲ್ಲಿ ಆಟೋ ಹಿಡಿಯುತ್ತಿದ್ದಳು. ನೀವು ಮುಚ್ಚಿಟ್ಟದ್ದು ನಿಮ್ಮ ಮರ್ಯಾದೆಯನ್ನು ಮಾತ್ರ ಎಂದು ತಿಳಿದಿದ್ದಿರಿ. ಮಗುವಿಗೆ ಸಿಗಬೇಕಾಗಿದ್ದ ಚಿಕಿತ್ಸೆಯ ಹೊತ್ತು ಅದರ ಜೊತೆಗೇ ಹೋಯಿತು. ಸತ್ಯ ಹೇಳುವುದು ಒಳ್ಳೆಯ ಗುಣವೆಂದು ಜ್ಞಾನೋಪದೇಶದಲ್ಲಿ ಕಲಿತಿದ್ದೇವೆ. ಇಲ್ಲಿ ಅದು ಪ್ರಥಮ ಚಿಕಿತ್ಸೆಯ ಒಂದು ಭಾಗ.

ಹೇಗೆ ಹೇಳುವುದು? ಸಾಧ್ಯವಾದರೆ ಬಿದ್ದ ಹೊತ್ತಿನಲ್ಲೇ ಫೋನು ಮಾಡಿ, ಸಂಜೆ ಬಾಗಿಲಲ್ಲಿ ಮತ್ತೊಮ್ಮೆ ಹೇಳಿ. "ನೋಡಮ್ಮಾ, ಹನ್ನೊಂದು ಗಂಟೆಗೆ ಮಂಚದಿಂದ ಬಿದ್ದ. ಕೂಡಲೇ ಅತ್ತ, ಐದು ನಿಮಿಷಕ್ಕೆ ಸುಮ್ಮನಾದ. ತಣ್ಣೀರು ಬಟ್ಟೆ ಹಾಕಿದೆ. ಊಟ ಮಾಡಿದ, ವಾಂತಿಯಾಗಿಲ್ಲ. ರಾತ್ರಿ ಒಂದೆರಡು ಸಲ ಎಬ್ಬಿಸಿ ನೋಡು." ಇಷ್ಟೇ ಸಾಕು. 'ನಿನ್ನ ಮಗ ಬಲು ತುಂಟ' ಎಂದು ಕೂಸಿನ ಮೇಲೆ ತಪ್ಪು ಹೊರಿಸಬೇಡಿ. ಒಂದು ನೋಟ್‌ಪುಸ್ತಕದಲ್ಲಿ ದಿನಾಂಕ, ಗಂಟೆ, ಏನಾಯಿತು, ಏನು ಮಾಡಿದಿರಿ ಎಂದು ನಾಲ್ಕು ಸಾಲು ಬರೆದು ತಾಯಿಯ ಸಹಿ ಹಾಕಿಸಿಕೊಂಡರೆ ಮುಂದೆ ಮಾತಿಗೆ ಮಾತು ಬೆಳೆಯುವುದಿಲ್ಲ. ಬೆಳಿಗ್ಗೆ ಬರುವಾಗಲೇ ಮಗುವಿನ ಮೈಮೇಲೆ ಗುರುತಿದ್ದರೆ ಅದನ್ನೂ ಕೇಳಿ ಬರೆದುಕೊಳ್ಳಿ. ಇಂಥ ಗುರುತುಗಳು ಪದೇ ಪದೇ ಕಂಡರೆ, ಹೇಳುವ ಕಾರಣ ಹೊಂದದಿದ್ದರೆ, ಮಕ್ಕಳ ಸಹಾಯವಾಣಿ 1098 ಇದೆ. ನೆರೆಹೊರೆಯವರ ಸಂಸಾರ ನಮಗೇಕೆ ಎನ್ನುವ ಮಾತು ಮಗುವಿನ ವಿಷಯದಲ್ಲಿ ನಡೆಯದು.

ಹೇಳಿದ ಮೇಲೂ ಮನಸ್ಸು ಕೊರೆಯುತ್ತದೆ, 'ನನ್ನಿಂದಲೇ ಆಯಿತು' ಎಂದು. ಗುರುಮಠದ ನೀತಿಶಾಸ್ತ್ರದ ತರಗತಿಗಳಲ್ಲಿ ಇದಕ್ಕೆ ಮೂರು ಪ್ರಶ್ನೆಗಳನ್ನು ಕಲಿಸುತ್ತಾರೆ. ಹೀಗಾಗುವುದೆಂದು ಮುಂಗಾಣಬಹುದಿತ್ತೇ? ತಡೆಯಲು ನಿಮ್ಮಿಂದ ಸಾಧ್ಯವಿತ್ತೇ? ತಡೆಯುವ ಹೊಣೆ ನಿಮ್ಮದಾಗಿತ್ತೇ? ಮೂರಕ್ಕೂ ಹೌದೆಂದರೆ ಮಾತ್ರ ಆ ಪೆಟ್ಟು ನಿಮ್ಮ ಲೆಕ್ಕಕ್ಕೆ ಬರುತ್ತದೆ. ಸಮತಟ್ಟಾದ ನೆಲದಲ್ಲಿ ಓಡುತ್ತಾ ಮುಗ್ಗರಿಸಿದ ಮಗುವಿಗೆ ನೀವು ಹೊಣೆಯಲ್ಲ, ಆ ಭಾರ ಹೊರಬೇಡಿ. ನೀರು ತುಂಬಿದ ಬಕೆಟ್ ಬಚ್ಚಲಲ್ಲಿಟ್ಟು ಬಾಗಿಲು ಹಾಕದಿದ್ದರೆ, ಕುದಿಯುವ ಪಾತ್ರೆಯನ್ನು ಕೈಗೆಟುಕುವಂತೆ ನೆಲದ ಮೇಲಿಟ್ಟರೆ, ಹಾಸಿಗೆಯ ಅಂಚಿನಲ್ಲಿ ಹಸುಗೂಸನ್ನು ಬಿಟ್ಟು ಬಟ್ಟೆ ಒಣಹಾಕಲು ಮಾಳಿಗೆಗೆ ಹೋದರೆ, ಏನೂ ಆಗದ ದಿನವೂ ಹೊಣೆ ನಿಮ್ಮದೇ. ಹೊಣೆ ಶುರುವಾಗುವುದು ಮಗು ಬಿದ್ದಾಗಲ್ಲ, ಬೆಳಿಗ್ಗೆ ಮನೆ ಅಣಿಮಾಡುವಾಗ. ಗಡಿಯಾರದ, ಆಟಿಕೆಯ ಗುಂಡಿಯಂಥ ಬ್ಯಾಟರಿಗಳನ್ನು ಎತ್ತಿಡುವುದೂ ಆ ಅಣಿಯಲ್ಲಿ ಸೇರಿದೆ. ಮಗು ಅದನ್ನು ನುಂಗಿದರೆ ಒಂದು ಗಳಿಗೆಯೂ ತಡಮಾಡದೆ ಆಸ್ಪತ್ರೆಗೆ ಓಡಬೇಕು.

ತಂದೆತಾಯಿಯರಿಗೆ ಒಂದೆರಡು ಮಾತು. ಮಗುವನ್ನು ಒಪ್ಪಿಸುವ ಮೊದಲ ದಿನವೇ ಒಂದು ಚೀಟಿ ಬರೆದುಕೊಡಿ: ಇಬ್ಬರ ಫೋನ್ ಸಂಖ್ಯೆ, ನೀವು ಸಿಗದಿದ್ದರೆ ಕರೆಯಬೇಕಾದ ಬಂಧುಗಳ ಸಂಖ್ಯೆ, ಮಗುವಿಗೆ ಯಾವುದು ಅಲರ್ಜಿ, ತುರ್ತಿದ್ದರೆ ಆಸ್ಪತ್ರೆಗೆ ಕರೆದೊಯ್ಯಲು ನಿಮ್ಮ ಒಪ್ಪಿಗೆ. ತಾಯಿ ಕಾರ್ಡಿನಲ್ಲಿರುವ ಲಸಿಕೆಗಳ ಪಟ್ಟಿಯ ಜೆರಾಕ್ಸ್ ಕೊಡಿ, ಗಾಯವಾದಾಗ ವೈದ್ಯರು ಧನುರ್ವಾಯು ಲಸಿಕೆ ಆಗಿದೆಯೇ ಎಂದು ಮೊದಲು ಕೇಳುತ್ತಾರೆ. ಜ್ವರಕ್ಕಾಗಲಿ ನೋವಿಗಾಗಲಿ ನಿಮ್ಮನ್ನು ಕೇಳದೆ ಔಷಧಿ ಕೊಡಬಾರದೆಂದು ಹೇಳಿಡಿ. ದೊಡ್ಡವರ ಮಾತ್ರೆಯನ್ನು ಮುರಿದು ಕೊಡುವುದಂತೂ ಕೂಡದು. ಮುಖ್ಯವಾಗಿ, ಬಿದ್ದ ಸಂಗತಿಯನ್ನು ನಿಜವಾಗಿ ಹೇಳಿದವರ ಮೇಲೆ ಬೀದಿಯಲ್ಲಿ ನಿಂತು ಕೂಗಾಡಬೇಡಿ. ಒಮ್ಮೆ ಕೂಗಾಡಿದರೆ ಮುಂದಿನ ಸಲ ನಿಮಗೆ ನಿಜ ಸಿಗುವುದಿಲ್ಲ.

ಉಳಿದದ್ದು ಖರ್ಚಿನ ಪ್ರಶ್ನೆ. ಇದನ್ನು ಮಾತಾಡಲು ಎಲ್ಲರಿಗೂ ಸಂಕೋಚ, ಜಗಳವಾಗುವುದೂ ಇಲ್ಲೇ. ಸಂತ ಲೂಕರ ಶುಭಸಂದೇಶದ 10ನೇ ಅಧ್ಯಾಯದಲ್ಲಿ ಬರುವ ಸದಯ ಸಮಾರಿಯದವನನ್ನು ನಾವೆಲ್ಲ ಬಲ್ಲೆವು. ಪ್ರಬೋಧನೆಗಳಲ್ಲಿ ಛತ್ರದವನ ಹೆಸರೆತ್ತುವವರು ಕಡಿಮೆ. ಗಾಯಾಳುವನ್ನು ಹಣ ಪಡೆದು ನೋಡಿಕೊಂಡವನು ಅವನು. ಮನೆಯಲ್ಲಿ ಮಕ್ಕಳನ್ನು ನೋಡಿಕೊಳ್ಳುವ ತಾಯಂದಿರಿಗೆ ಆ ಕಥೆಯಲ್ಲಿ ಹತ್ತಿರದವನೂ ಅವನೇ. ಸಮಾರಿಯದವನು ಅವನ ಕೈಗೆ ಎರಡು ನಾಣ್ಯ ಕೊಟ್ಟು, ಹೆಚ್ಚಿನ ಖರ್ಚಾದರೆ ಹಿಂದಿರುಗುವಾಗ ತೀರಿಸುವೆನೆಂದು ಮೊದಲೇ ಒಪ್ಪಿಕೊಂಡು ಹೊರಟ. ನೀವೂ ಮೊದಲೇ ಒಪ್ಪಿಕೊಳ್ಳಿ. ಆಟೋ ಬಾಡಿಗೆ, ವೈದ್ಯರ ಫೀಸು, ಹೊಲಿಗೆಯ ಖರ್ಚು ಸದ್ಯಕ್ಕೆ ಯಾರ ಕೈಯಿಂದ, ಆಮೇಲೆ ಯಾರು ಕೊಡುವುದು ಎಂಬುದನ್ನು ಅದೇ ಚೀಟಿಯ ಕೆಳಗೆ ಬರೆದು, ಇಬ್ಬರೂ ಸಹಿ ಹಾಕಿ, ಹತ್ತಿಬಟ್ಟೆ, ಪಟ್ಟಿ, ಕತ್ತರಿ, ಸೋಪು ಇಟ್ಟ ಡಬ್ಬಿಯೊಳಗೇ ಮಡಿಚಿಡಿ.