ಶಕ್ತಿ ಹೆಚ್ಚಿಸುವ ಮುನ್ನ ಆಯಿಲ್ ಕೂಲರ್

ಹಳೆಯ ಕ್ರೀಡಾ ಕಾರಿನ ಇಂಜಿನ್ನಿಗೆ ಹೊಸ ಇ.ಸಿ.ಯು. ಜೋಡಿಸಿದರೆ ಇಂಧನದ ಪ್ರಮಾಣವನ್ನೂ ಕಿಡಿಯ ಸಮಯವನ್ನೂ ನಿಖರವಾಗಿ ಹೊಂದಿಸಬಹುದು. ಶಕ್ತಿಯೊಡನೆ ಶಾಖವೂ ಹೆಚ್ಚುತ್ತದೆ ಎಂಬುದನ್ನು ಮಾತ್ರ ಮಾರುವವರೂ ಕೊಳ್ಳುವವರೂ ಮರೆಯುವುದುಂಟು.

ಜರ್ಮನಿಯ ಪೋರ್ಷೆ 911 ಇದಕ್ಕೆ ಉತ್ತಮ ನಿದರ್ಶನ. 1998ರವರೆಗೆ ತಯಾರಾದ ಅದರ ಗಾಳಿತಂಪಿನ ಮಾದರಿಗಳಲ್ಲಿ ನೀರಿನ ರೇಡಿಯೇಟರ್ ಇಲ್ಲ. ಫ್ಯಾನಿನ ಗಾಳಿ ಹೊರಲಾರದ ಶಾಖವನ್ನು ಆಯಿಲ್ಲೇ ಹೊರಬೇಕು. 1984ರ ಮಾದರಿಯಿಂದ ಬಂದ 3.2 ಲೀಟರ್ ಕಾರೆರಾದಲ್ಲಿ ಇಂಜಿನ್ ಹಿಂದಿದ್ದು, ಹೆಚ್ಚುವರಿ ಕೂಲರ್ ಮುಂದಿನ ಬಲ ಮಡ್‌ಗಾರ್ಡಿನ ಒಳಗಿದೆ. ಆಯಿಲ್ ಕಾರಿನ ಉದ್ದಕ್ಕೂ ಹೋಗಿ ಮರಳುತ್ತದೆ.

ಹಾಗೆಂದು ದೊಡ್ಡ ಕೂಲರ್ ಒಂದನ್ನು ತೂಗುಹಾಕಿದರೆ ಕೆಲಸ ಮುಗಿಯದು. ಥರ್ಮೋಸ್ಟಾಟ್ ಇಲ್ಲದಿದ್ದರೆ ಆಯಿಲ್ ಅತಿಯಾಗಿ ತಣಿದು ಮಂದವಾಗಿಯೇ ಉಳಿಯುತ್ತದೆ, ಸೇರಿದ ತೇವ ಆವಿಯಾಗದು. ಸುಮಾರು 85 ಡಿಗ್ರಿ ಸೆಲ್ಸಿಯಸ್‌ವರೆಗೆ ಕೂಲರಿನ ದಾರಿ ಮುಚ್ಚಿರುವುದು ಲೇಸು.

ಸಣ್ಣ ತಯಾರಕರ ಹೊಣೆ ಹೋಸ್, ಫಿಟ್ಟಿಂಗ್, ಬ್ರಾಕೆಟ್ಟುಗಳಲ್ಲಿದೆ. ಹೋಸ್ ಒಂದು ಕಳಚಿದರೆ ಆಯಿಲ್ ಖಾಲಿಯಾಗಿ ಇಂಜಿನ್ನೇ ಹೋಗುತ್ತದೆ, ಜೊತೆಗೆ ಗಿರಾಕಿಯೂ. ಪ್ರತಿ ಹೋಸನ್ನು ಒತ್ತಡದಲ್ಲಿ ಪರೀಕ್ಷಿಸಿಯೇ ಕಳುಹಿಸಬೇಕು. ಕೆಟ್ಟ ಇಂಜಿನ್ನಿನಿಂದ ಬಿಚ್ಚಿದ ಹಳೆಯ ಕೂಲರ್ ಎಷ್ಟೇ ಅಗ್ಗವಾದರೂ ಮಾರಬಾರದು: ಒಳಗುಳಿದ ಲೋಹದ ಚೂರುಗಳನ್ನು ಪೂರ್ಣವಾಗಿ ತೊಳೆಯುವುದು ಕಷ್ಟ, ಅವು ಹೊಸ ಬೇರಿಂಗನ್ನೂ ತಿನ್ನುತ್ತವೆ.

ಮೊದಲು ಆಯಿಲ್ ತಾಪದ ಸೆನ್ಸರ್, ಬಳಿಕ ಕೂಲರ್, ಕೊನೆಗೆ ಇ.ಸಿ.ಯು. ಹೊಂದಾಣಿಕೆ. ಆ ಸೆನ್ಸರನ್ನು ಇ.ಸಿ.ಯು.ಗೇ ಜೋಡಿಸಿದರೆ ತಾಪ ಮಿತಿಮೀರಿದಾಗ ಇಂಜಿನ್ನಿನ ವೇಗವನ್ನು ಅದೇ ತಗ್ಗಿಸುವಂತೆ ಮಾಡಬಹುದು.