ಅಧ್ಯಕ್ಷರು ರಾಜೀನಾಮೆ ಕೊಟ್ಟರೆ ಊರಿನವರು ಕೇಳಬೇಕಾದದ್ದು

‘ಒಳ ಒಪ್ಪಂದದಂತೆ ಗ್ರಾಮ ಪಂಚಾಯಿತಿ ಅಧ್ಯಕ್ಷರ ರಾಜೀನಾಮೆ’ ಎಂಬ ಎರಡು ಸಾಲಿನ ಸುದ್ದಿ ಪತ್ರಿಕೆಗಳ ಜಿಲ್ಲಾ ಪುಟದಲ್ಲಿ ಆಗಾಗ ಬರುತ್ತದೆ. ಸದಸ್ಯರಿಗೆ ಅದು ಮೊದಲೇ ಗೊತ್ತಿರುತ್ತದೆ, ಮುಖಂಡರಿಗೂ ಗೊತ್ತಿರುತ್ತದೆ. ಎಲ್ಲರಿಗಿಂತ ಕೊನೆಗೆ ಗೊತ್ತಾಗುವುದು ಮತ ಹಾಕಿದವರಿಗೆ. ಅಷ್ಟರಲ್ಲಿ ಹೊಸ ಅಧ್ಯಕ್ಷರ ಮೆರವಣಿಗೆಗೆ ಹಾರ ತುರಾಯಿ ಸಿದ್ಧವಾಗಿರುತ್ತದೆ. ಅರ್ಧಕ್ಕೆ ನಿಂತ ಚರಂಡಿಯ ಬಗ್ಗೆ ಯಾರನ್ನು ಕೇಳಬೇಕು ಎನ್ನುವುದು ಮಾತ್ರ ಯಾರಿಗೂ ತಿಳಿಯುವುದಿಲ್ಲ.

ಹುದ್ದೆ ಬಿಡುವುದು ಅಧ್ಯಕ್ಷರ ಹಕ್ಕು. ಅದನ್ನು ಯಾರೂ ತಡೆಯುವಂತಿಲ್ಲ. ಆದರೆ ಹೋಗುವ ಮುನ್ನ ಲೆಕ್ಕ ಕೇಳುವ ಹಕ್ಕು ಊರಿನದು. ಈ ಎರಡಕ್ಕೂ ಕರ್ನಾಟಕ ಗ್ರಾಮ ಸ್ವರಾಜ್ ಮತ್ತು ಪಂಚಾಯತ್ ರಾಜ್ ಅಧಿನಿಯಮ, 1993ರಲ್ಲಿ ಜಾಗವಿದೆ.

ಮೊದಲು ರಾಜೀನಾಮೆ ಪತ್ರದ ವಿಚಾರ. ತಾಲ್ಲೂಕು ಕಚೇರಿ ಎದುರಿನ ಜೆರಾಕ್ಸ್ ಅಂಗಡಿಯಲ್ಲಿ ಟೈಪ್ ಮಾಡಿಸಿದ ಒಂದು ಹಾಳೆ, ಅದರಲ್ಲಿ ‘ವೈಯಕ್ತಿಕ ಕಾರಣಗಳಿಂದ’ ಎಂಬ ಒಂದು ಸಾಲು, ಕೆಳಗೆ ಸಹಿ. ಇಷ್ಟೇ ಇದ್ದರೂ ಸಾಕು, ಕಾರಣ ವಿವರಿಸಲೇಬೇಕೆಂಬ ಕಡ್ಡಾಯವಿಲ್ಲ. ಆದರೆ ಪತ್ರ ಯಾರ ಹೆಸರಿಗಿರಬೇಕು ಎನ್ನುವುದನ್ನು ಪ್ರಕರಣ 48 ಗೊತ್ತು ಮಾಡಿದೆ. ಅಧ್ಯಕ್ಷರ ರಾಜೀನಾಮೆ ಹೋಗಬೇಕಾದದ್ದು ಉಪವಿಭಾಗಾಧಿಕಾರಿಗೆ, ಅಂದರೆ ಜನ ‘ಎ.ಸಿ. ಸಾಹೇಬರು’ ಎನ್ನುವ ಅಧಿಕಾರಿಗೆ. ಉಪಾಧ್ಯಕ್ಷರು ಅಧ್ಯಕ್ಷರಿಗೆ ಬರೆಯಬೇಕು. ಪಂಚಾಯಿತಿ ಅಭಿವೃದ್ಧಿ ಅಧಿಕಾರಿಯ, ಅಂದರೆ ಪಿಡಿಒ ಕೈಗೆ ಕೊಟ್ಟ ಚೀಟಿ, ಶಾಸಕರ ಮನೆಯಲ್ಲಿ ಇಟ್ಟು ಬಂದ ಪತ್ರ, ವಾಟ್ಸ್‌ಆ್ಯಪ್ ಗುಂಪಿಗೆ ಹಾಕಿದ ಸಂದೇಶ ಇವು ಯಾವುವೂ ಕಾನೂನಿನ ಕಣ್ಣಿನಲ್ಲಿ ರಾಜೀನಾಮೆ ಅಲ್ಲ.

ಎ.ಸಿ. ಕಚೇರಿಗೆ ಪತ್ರ ತಲುಪಿದ ದಿನದಿಂದ 10 ದಿನ ಕಳೆದ ಮೇಲೆ ಅದು ಜಾರಿಗೆ ಬರುತ್ತದೆ. ಆ ಅವಧಿಯೊಳಗೆ ಮನಸ್ಸು ಬದಲಾದರೆ ಅಧ್ಯಕ್ಷರು ಅದೇ ಅಧಿಕಾರಿಗೆ ಬರವಣಿಗೆಯಲ್ಲಿ ತಿಳಿಸಿ ರಾಜೀನಾಮೆಯನ್ನು ಹಿಂಪಡೆಯಬಹುದು. ಹಾಗಾಗಿ ಪತ್ರದ ಮೇಲೆ ಬರೆದ ದಿನಾಂಕಕ್ಕಿಂತ ಎ.ಸಿ. ಕಚೇರಿಯ ಸ್ವೀಕೃತಿ ಮುದ್ರೆಯ ದಿನಾಂಕವೇ ಮುಖ್ಯ. ಎಷ್ಟೋ ತಕರಾರುಗಳು ಈ ಒಂದು ಮುದ್ರೆಯ ಸುತ್ತಲೇ ಸುತ್ತುತ್ತವೆ.

‘ರಾಜೀನಾಮೆ ಇನ್ನೂ ಅಂಗೀಕಾರ ಆಗಿಲ್ಲ’ ಎಂಬ ಮಾತನ್ನು ಪಂಚಾಯಿತಿ ಕಟ್ಟೆಯ ಮೇಲೂ ಕೇಳುತ್ತೇವೆ. ಈ ಮಾತು ಬಂದದ್ದು ವಿಧಾನಸೌಧದಿಂದ. 2019ರ ಜುಲೈನಲ್ಲಿ ಶಾಸಕರು ಸಾಲುಸಾಲಾಗಿ ರಾಜೀನಾಮೆ ಕೊಟ್ಟಾಗ ಅವು ಸ್ಪೀಕರ್ ಮುಂದೆ ಇತ್ಯರ್ಥವಾಗದೆ ಉಳಿದದ್ದನ್ನು ಇಡೀ ರಾಜ್ಯ ಟೀವಿಯಲ್ಲಿ ನೋಡಿತು. ಶಾಸಕರ ಮಟ್ಟಿಗೆ ಸಂವಿಧಾನದ 190ನೇ ವಿಧಿ ಅನ್ವಯಿಸುತ್ತದೆ. ರಾಜೀನಾಮೆ ಸ್ವಇಚ್ಛೆಯದೇ, ನೈಜವೇ ಎಂದು ಸ್ಪೀಕರ್ ನೋಡಬೇಕು. ಆ ವರ್ಷದ ನವೆಂಬರ್‌ನಲ್ಲಿ ಸುಪ್ರೀಂ ಕೋರ್ಟ್ ಕೂಡ ಸ್ಪೀಕರ್ ನೋಡಬೇಕಾದದ್ದು ಇಷ್ಟನ್ನೇ, ರಾಜೀನಾಮೆಯ ಹಿಂದಿನ ಉದ್ದೇಶವನ್ನಲ್ಲ ಎಂದಿತು. ಗ್ರಾಮ ಪಂಚಾಯಿತಿ ಅಧ್ಯಕ್ಷರ ವಿಷಯದಲ್ಲಿ ಹಾಗಿಲ್ಲ. ಪ್ರಕರಣ 48ರಲ್ಲಿ ಅಂಗೀಕಾರ ಎಂಬ ಹಂತವೇ ಇಲ್ಲ, ದಿನ ತುಂಬಿದರೆ ಹುದ್ದೆ ಖಾಲಿ. ಆದ್ದರಿಂದ ‘ಅಂಗೀಕಾರ ಆಗುವವರೆಗೂ ನಾನೇ ಅಧ್ಯಕ್ಷ’ ಎಂದು ಬಿಲ್ಲುಗಳಿಗೆ ಸಹಿ ಹಾಕುತ್ತಾ ಕೂರುವಂತಿಲ್ಲ.

ಅಧ್ಯಕ್ಷ ಸ್ಥಾನ ಬಿಟ್ಟವರು ಸದಸ್ಯರಾಗಿ ಉಳಿದೇ ಇರುತ್ತಾರೆ. ನಿಮ್ಮ ವಾರ್ಡಿನ ನಲ್ಲಿ, ಬೀದಿದೀಪಗಳ ಮಾತು ಬಂದಾಗ ‘ನಾನೀಗ ಅಧಿಕಾರದಲ್ಲಿಲ್ಲ’ ಎಂದು ಅವರು ಜಾರಿಕೊಳ್ಳುವಂತಿಲ್ಲ. ವಾರ್ಡ್ ಸಭೆ ಕರೆದು ನಡೆಸಬೇಕಾದವರು ಅವರೇ. ಸದಸ್ಯತ್ವವನ್ನೂ ಬಿಡುವುದಾದರೆ ಅದಕ್ಕೆ ಬೇರೆ ಪತ್ರ ಬೇಕು, ಅದನ್ನು ಪಂಚಾಯಿತಿ ಅಧ್ಯಕ್ಷರಿಗೆ ಕೊಡಬೇಕು. ಅಲ್ಲಿಯೂ ಹಿಂಪಡೆಯಲು ಕಾಲಾವಕಾಶ ಉಂಟು. ಹಾಗೆ ಖಾಲಿಯಾದ ಸ್ಥಾನಕ್ಕೆ ಉಪಚುನಾವಣೆ ನಡೆಸುವುದು ರಾಜ್ಯ ಚುನಾವಣಾ ಆಯೋಗ. ಗೆದ್ದು ಬಂದವರಿಗೆ ಸಿಗುವುದು ಉಳಿದ ಅವಧಿ ಮಾತ್ರ, ಹೊಸದಾಗಿ 5 ವರ್ಷವಲ್ಲ.

ಹೊಸ ಅಧ್ಯಕ್ಷರ ಆಯ್ಕೆಯಾಗುವವರೆಗೆ ಉಪಾಧ್ಯಕ್ಷರು ಕೆಲಸ ನೋಡಿಕೊಳ್ಳುತ್ತಾರೆ. ಈ ನಡುವಿನ ದಿನಗಳಲ್ಲೇ ಜನರಿಗೆ ಹೆಚ್ಚು ತೊಂದರೆ. ‘ಅಧ್ಯಕ್ಷರಿಲ್ಲ, ಮುಂದಿನ ತಿಂಗಳು ಬನ್ನಿ’ ಎಂಬ ಉತ್ತರ ಎಲ್ಲದಕ್ಕೂ ಸಿದ್ಧವಾಗಿರುತ್ತದೆ. ಇ-ಸ್ವತ್ತು ನಮೂನೆ, ತೆರಿಗೆ ರಸೀದಿ, ಕುಡಿಯುವ ನೀರು, ಇವೆಲ್ಲ ಕಚೇರಿಯ ನಿತ್ಯದ ಕೆಲಸಗಳು, ಅಧ್ಯಕ್ಷರ ಕುರ್ಚಿ ಖಾಲಿ ಎಂಬ ಕಾರಣಕ್ಕೆ ನಿಲ್ಲಬೇಕಾದವಲ್ಲ. ನಿಲ್ಲಿಸಿದರೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿಗೆ, ಅಂದರೆ ಇ.ಒ. ಅವರಿಗೆ, ಬರವಣಿಗೆಯಲ್ಲಿ ದೂರು ಕೊಡಿ. ಬಾಯಿಮಾತಿನ ದೂರಿಗೆ ದಾಖಲೆ ಇರುವುದಿಲ್ಲ. ಅರ್ಜಿಯ ಇನ್ನೊಂದು ಪ್ರತಿಯ ಮೇಲೆ ಸ್ವೀಕೃತಿ ಹಾಕಿಸಿಕೊಂಡು ಬನ್ನಿ.

ಹಣ ಪಾವತಿಯಲ್ಲಿ ಮಾತ್ರ ಎಚ್ಚರ ಬೇಕು. ಈಗ ಪಂಚಾಯಿತಿ ಹಣ ಬಿಡುಗಡೆಯಾಗುವುದು ಡಿಜಿಟಲ್ ಸಹಿಯ ಮೂಲಕ. ಅಧ್ಯಕ್ಷರಿಗೊಂದು, ಪಿಡಿಒಗೊಂದು ಡೋಂಗಲ್ ಇರುತ್ತದೆ. ಅಧ್ಯಕ್ಷರು ಹುದ್ದೆ ಬಿಟ್ಟ ದಿನವೇ ಅವರ ಡೋಂಗಲ್ ಕೆಲಸ ನಿಲ್ಲಿಸಬೇಕು. ಗಂಡನ ಜೇಬಿನಲ್ಲೋ ಗುತ್ತಿಗೆದಾರನ ಕೈಯಲ್ಲೋ ಅದು ಓಡಾಡುತ್ತಿದ್ದರೆ ಊರಿನ ದುಡ್ಡಿಗೆ ಕಾವಲಿಲ್ಲ ಎಂದೇ ಅರ್ಥ. ಡೋಂಗಲ್ ವಾಪಸಾಯಿತೇ, ಯಾವ ದಿನಾಂಕಕ್ಕೆ ರದ್ದಾಯಿತು ಎಂದು ಕೇಳಲು ನೀವು ಸಂಕೋಚಪಡಬೇಕಿಲ್ಲ.

ಇನ್ನು ಲೆಕ್ಕದ ವಿಚಾರ. ಹೋಗುವ ಅಧ್ಯಕ್ಷರು ಊರಿಗೆ ವಿದಾಯದ ವರದಿ ಒಪ್ಪಿಸಬೇಕೆಂದು ಕಾಯ್ದೆ ಹೇಳುವುದಿಲ್ಲ. ಹೇಳಬೇಕಿತ್ತು ಎಂದು ನನ್ನ ಅಭಿಪ್ರಾಯ. ಆದರೆ ಅಂಥ ವರದಿ ಕೇಳಿಸಿಕೊಳ್ಳಲು ಗ್ರಾಮ ಸಭೆ ಇದೆ. ಎರಡು ಗ್ರಾಮ ಸಭೆಗಳ ನಡುವೆ 6 ತಿಂಗಳಿಗಿಂತ ಹೆಚ್ಚು ಅಂತರ ಇರಬಾರದು. ಹಿಂದಿನ ವರ್ಷದ ಆಡಳಿತ ವರದಿ, ಲೆಕ್ಕಪತ್ರ, ಲೆಕ್ಕಪರಿಶೋಧನೆಯ ಟಿಪ್ಪಣಿಗಳು ಅಲ್ಲಿ ಚರ್ಚೆಯಾಗಬೇಕು. ಗ್ರಾಮ ಸಭೆಯ ಸದಸ್ಯರಲ್ಲಿ, ಅಂದರೆ ಮತದಾರರಲ್ಲಿ, ಶೇ 10ರಷ್ಟು ಜನ ವಿಷಯ ತಿಳಿಸಿ ಲಿಖಿತವಾಗಿ ಕೇಳಿದರೆ ವಿಶೇಷ ಗ್ರಾಮ ಸಭೆ ಕರೆಯಲು ಅವಕಾಶವಿದೆ. ಅಧ್ಯಕ್ಷರ ರಾಜೀನಾಮೆಗಿಂತ ತಕ್ಕ ವಿಷಯ ಇನ್ನೇನು ಬೇಕು? ಇದಲ್ಲದೆ ಪ್ರತಿ ವರ್ಷ ಆಗಸ್ಟ್ 16ರಿಂದ ಸೆಪ್ಟೆಂಬರ್ 15ರೊಳಗೆ ನಡೆಯಬೇಕಾದ ಜಮಾಬಂದಿ ಇದೆ. ಕಾಮಗಾರಿಗಳ ಕಡತವನ್ನು ಕೈಯಲ್ಲಿ ಹಿಡಿದು ಜಾಗಕ್ಕೇ ಹೋಗಿ ನೋಡುವ ಸಭೆ ಅದು.

ಸಭೆಯಲ್ಲಿ ‘ಏನೂ ಕೆಲಸ ಆಗಿಲ್ಲ’ ಎಂದು ಕೂಗಿದರೆ ಉತ್ತರವೂ ಕೂಗಾಟದಲ್ಲೇ ಬರುತ್ತದೆ. ಪ್ರಶ್ನೆ ಚಿಕ್ಕದಾಗಿ, ನಿಖರವಾಗಿ ಇರಲಿ. ಈ ವರ್ಷದ ಕ್ರಿಯಾ ಯೋಜನೆಯಲ್ಲಿದ್ದ ಯಾವ ಕಾಮಗಾರಿ ಮುಗಿದಿದೆ, ಯಾವುದು ನಿಂತಿದೆ? ನಿಂತ ಕೆಲಸಕ್ಕೆ ಎಷ್ಟು ಬಿಲ್ ಪಾವತಿಯಾಗಿದೆ? ಅಳತೆ ಪುಸ್ತಕದಲ್ಲಿ ಬರೆದಷ್ಟು ಮೀಟರ್ ಚರಂಡಿ ನೆಲದ ಮೇಲೆ ಇದೆಯೇ? ರಾಜೀನಾಮೆಗೆ ಹಿಂದಿನ ತಿಂಗಳಲ್ಲಿ ಯಾರ್‍ಯಾರಿಗೆ ಹಣ ಹೋಗಿದೆ? ಕೊನೆಯ ಪ್ರಶ್ನೆಯನ್ನು ಬಿಡಲೇಬೇಡಿ. ಕೇಳಿದ್ದೂ ಅದಕ್ಕೆ ಬಂದ ಉತ್ತರವೂ ನಡವಳಿ ಪುಸ್ತಕದಲ್ಲಿ ದಾಖಲಾಗುವವರೆಗೆ ಸಭೆಯಿಂದ ಏಳಬೇಡಿ.

ಸಭೆಯಲ್ಲಿ ಉತ್ತರ ಸಿಗದಿದ್ದರೆ ಮಾಹಿತಿ ಹಕ್ಕು ಅಧಿನಿಯಮ, 2005 ಇದೆ. ಪಂಚಾಯಿತಿಯಲ್ಲಿ ಪಿಡಿಒ ಅವರೇ ಸಾರ್ವಜನಿಕ ಮಾಹಿತಿ ಅಧಿಕಾರಿ. ಅರ್ಜಿ ಶುಲ್ಕ 10 ರೂಪಾಯಿ, ಬಿಪಿಎಲ್ ಕುಟುಂಬದವರಿಗೆ ಅದೂ ಇಲ್ಲ. ಕರ್ನಾಟಕದ ನಿಯಮದಂತೆ ಒಂದು ಅರ್ಜಿ ಒಂದೇ ವಿಷಯದ್ದಾಗಿರಬೇಕು, 150 ಪದ ಮೀರಬಾರದು. ಆದ್ದರಿಂದ ರಾಮಾಯಣ ಬರೆಯದೆ, ‘ಇಂಥ ದಿನಾಂಕದಿಂದ ಇಂಥ ದಿನಾಂಕದವರೆಗಿನ ಪಾವತಿ ವೋಚರುಗಳ ದೃಢೀಕೃತ ನಕಲು ಕೊಡಿ’ ಎಂದಷ್ಟೇ ಬರೆಯಿರಿ. 30 ದಿನದೊಳಗೆ ಉತ್ತರ ಬರಬೇಕು. ಬಾರದಿದ್ದರೆ ಮೇಲ್ಮನವಿ ಸಲ್ಲಿಸಿ, ಅಲ್ಲೂ ಆಗದಿದ್ದರೆ ಕರ್ನಾಟಕ ಮಾಹಿತಿ ಆಯೋಗಕ್ಕೆ ಹೋಗಿ. ರಾಜೀನಾಮೆ ಪತ್ರದ ನಕಲು ಬೇಕಿದ್ದರೆ ಎ.ಸಿ. ಕಚೇರಿಗೇ ಅರ್ಜಿ ಹಾಕಿ.

ಕುರ್ಚಿ ಬಿಟ್ಟರೆ ತಪ್ಪಿಗೂ ಬಿಡುಗಡೆ ಸಿಕ್ಕಿತು ಎಂದು ಭಾವಿಸುವವರಿದ್ದಾರೆ. ಅಧಿಕಾರದಲ್ಲಿದ್ದಾಗ ಮಾಡಿದ ಅಕ್ರಮದ ಬಗ್ಗೆ ರಾಜೀನಾಮೆಯ ನಂತರವೂ ಲೋಕಾಯುಕ್ತಕ್ಕೆ ದೂರು ಕೊಡಬಹುದು. ದಾಖಲೆ ಇಟ್ಟುಕೊಂಡವರ ದೂರಿಗೆ ತೂಕ ಹೆಚ್ಚು.

ಅವಿಶ್ವಾಸ ನಿರ್ಣಯವೇ ಬೇರೆ. ಪ್ರಕರಣ 49ರಂತೆ ಒಟ್ಟು ಸದಸ್ಯರಲ್ಲಿ ಮೂರನೇ ಎರಡರಷ್ಟು ಜನ ಅಧ್ಯಕ್ಷರ ವಿರುದ್ಧ ಮತ ಹಾಕಬೇಕು. ಈ ಸಂಖ್ಯೆ ಸೇರುವುದು ಕಷ್ಟ. ಆದ್ದರಿಂದಲೇ ಬಲವಂತದ ರಾಜೀನಾಮೆಯ ಅಡ್ಡದಾರಿ ಹುಟ್ಟಿಕೊಂಡಿದೆ. ಈ ಲೇಖನ ಬರೆಯಲು ಮುಖ್ಯ ಕಾರಣವೂ ಅದೇ.

ಅಧ್ಯಕ್ಷ ಗಾದಿಗೆ ಇಬ್ಬರು ಮೂವರು ಆಕಾಂಕ್ಷಿಗಳಿದ್ದಾಗ ತಲಾ ಇಷ್ಟು ತಿಂಗಳು ಎಂದು ಹಂಚಿಕೊಳ್ಳುತ್ತಾರೆ. ದೇವರ ಮುಂದೆ ಆಣೆ ಮಾಡಿಸುತ್ತಾರೆ. ದಿನಾಂಕವಿಲ್ಲದ ರಾಜೀನಾಮೆ ಪತ್ರಕ್ಕೆ ಮೊದಲ ದಿನವೇ ಸಹಿ ಮಾಡಿಸಿಕೊಂಡು ಮುಖಂಡರೊಬ್ಬರ ಬೀರುವಿನಲ್ಲಿ ಇಡುತ್ತಾರೆ. ಇಂಥ ಒಪ್ಪಂದಕ್ಕೆ ಪಂಚಾಯತ್ ರಾಜ್ ಕಾಯ್ದೆಯಲ್ಲಿ ಜಾಗವಿಲ್ಲ. ಒಪ್ಪಂದ ಮುರಿದರು ಎಂಬ ಒಂದೇ ಕಾರಣಕ್ಕೆ ಯಾರನ್ನೂ ಹುದ್ದೆಯಿಂದ ಇಳಿಸಲು ಬರುವುದಿಲ್ಲ. ರಾಜ್ಯದ ಪಂಚಾಯಿತಿಗಳಲ್ಲಿ ಅರ್ಧದಷ್ಟು ಸ್ಥಾನ ಮಹಿಳೆಯರಿಗೆ ಮೀಸಲು. ಈ ಖಾಲಿ ಹಾಳೆಯ ಆಟಕ್ಕೆ ಸುಲಭವಾಗಿ ಸಿಗುವವರೂ ಅವರೇ, ಜೊತೆಗೆ ಮೀಸಲು ಸ್ಥಾನದಿಂದ ಬಂದ ದಲಿತ ಅಧ್ಯಕ್ಷರು. ಪರಿಶಿಷ್ಟ ಜಾತಿ, ಪಂಗಡದ ಪಂಚಾಯಿತಿ ಸದಸ್ಯರನ್ನೋ ಅಧ್ಯಕ್ಷರನ್ನೋ ಬೆದರಿಸಿ ಅವರ ಕರ್ತವ್ಯಕ್ಕೆ ಅಡ್ಡಿಪಡಿಸುವುದು ದೌರ್ಜನ್ಯ ತಡೆ ಕಾಯ್ದೆಯಡಿ ಅಪರಾಧ.

ಅಕ್ಕಂದಿರೇ, ಅಣ್ಣಂದಿರೇ, ದಿನಾಂಕವಿಲ್ಲದ ಹಾಳೆಗೆ ಸಹಿ ಹಾಕಬೇಡಿ. ಹಾಕಿಬಿಟ್ಟಿದ್ದರೆ, ಆ ಹಾಳೆ ಎ.ಸಿ. ಕಚೇರಿ ಸೇರಿದೆ ಎಂದು ತಿಳಿದ ಕ್ಷಣವೇ ಅಲ್ಲಿಗೆ ಹೋಗಿ, 10 ದಿನದೊಳಗೆ ‘ರಾಜೀನಾಮೆ ಹಿಂಪಡೆದಿದ್ದೇನೆ’ ಎಂದು ಬರೆದುಕೊಟ್ಟು ಸ್ವೀಕೃತಿ ಪಡೆಯಿರಿ. ಬೆದರಿಕೆ ಇದ್ದರೆ ಪೊಲೀಸ್ ಠಾಣೆಗೂ ದೂರು ಕೊಡಿ. ಗಡುವು ಮೀರಿದ್ದರೆ ಹೈಕೋರ್ಟ್ ಮೊರೆ ಹೋಗಬೇಕಾಗುತ್ತದೆ, ತಡ ಮಾಡಬೇಡಿ. ವಕೀಲರ ಖರ್ಚಿಗೆ ಹೆದರಬೇಕಿಲ್ಲ. ಮಹಿಳೆಯರಿಗೂ ಪರಿಶಿಷ್ಟ ಜಾತಿ, ಪಂಗಡದವರಿಗೂ ಆದಾಯ ಎಷ್ಟೇ ಇರಲಿ, ಕಾನೂನು ಸೇವೆಗಳ ಪ್ರಾಧಿಕಾರದಿಂದ ಉಚಿತ ನೆರವು ಪಡೆಯುವ ಹಕ್ಕಿದೆ. ತಾಲ್ಲೂಕು ನ್ಯಾಯಾಲಯದ ಆವರಣದಲ್ಲಿ ಕಾನೂನು ಸೇವೆಗಳ ಸಮಿತಿಯ ಕಚೇರಿ ಇರುತ್ತದೆ. ಸಹಾಯವಾಣಿ ಸಂಖ್ಯೆ 15100.